ಹಳೇ ಪೇಪರಿನ ಹೆಡ್ಡಿಂಗ್ ನಂಬಿ ನಡೆಯುವುದು ಹೇಗೆ

ಹೋದ ಬೇಸಿಗೆ ರಜೆಯ ಒಂದು ಮಧ್ಯಾಹ್ನ ಕರೆಂಟ್ ಹೋಗಿತ್ತು. ನಮ್ಮನೆಯಾಕೆ ಹಳೇ ಟ್ರಂಕ್ ಖಾಲಿ ಮಾಡಿ ರೇಷ್ಮೆ ಸೀರೆಗಳನ್ನು ಗಾಳಿಗೆ ಹರವಿದ್ದಳು. ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರನ್ನು ಆರನೇ ಕ್ಲಾಸಿನ ಮೊಮ್ಮಗಳು ಮೊಣಕಾಲೂರಿ ಓದುತ್ತಿದ್ದಳು. 2013ರ ಪೇಪರು. ಇದ್ದಕ್ಕಿದ್ದ ಹಾಗೆ ತಲೆ ಎತ್ತಿ ಕೇಳಿದಳು: "ಅಜ್ಜಾ, ಈರುಳ್ಳಿ ಬೆಲೆ ಗಗನಕ್ಕೆ ಅಂತ ಹಾಕ್ಯಾರೆ. ಆಮೇಲೆ ಅದು ಕೆಳಗೆ ಇಳೀತಾ, ಇನ್ನೂ ಅಲ್ಲೇ ಐತಾ?"

ನಾನು ದಾವಣಗೆರೆಯ ಒಂದು ಸಣ್ಣ ಪ್ರೆಸ್ಸಿಗೆ 1979ರಲ್ಲಿ ಸೇರಿದವನು. ಹದಿನಾಲ್ಕು ವರ್ಷ ಕೈಯಲ್ಲಿ ಅಚ್ಚಿನ ಮೊಳೆ, ಅಂದರೆ ಒಂದೊಂದೇ ಸೀಸದ ಅಕ್ಷರ, ಜೋಡಿಸಿದೆ, ಆಮೇಲೆ ಕಂಪ್ಯೂಟರಿನ ಮುಂದೆ ಕೂತೆ. ಎಷ್ಟು ಸಾವಿರ ಹೆಡ್ಡಿಂಗ್ ಜೋಡಿಸಿದ್ದೇನೋ ಲೆಕ್ಕವಿಲ್ಲ. ಜೋಡಿಸಿದ ಹೆಡ್ಡಿಂಗನ್ನು ಯಾರಾದರೂ ಅಷ್ಟು ನಂಬಿ ಓದಿದ್ದು ಅವತ್ತೇ ಮೊದಲು ನೋಡಿದೆ. ಆ ಪ್ರಶ್ನೆಯಿಂದ ಶುರುವಾದ ಆಟವನ್ನು ನಮ್ಮ ಬೀದಿಯ ಮಕ್ಕಳು ಇವತ್ತಿಗೂ ಭಾನುವಾರ ಸಂಜೆ ಆಡುತ್ತಾರೆ. ಅಕ್ಕಪಕ್ಕದ ದೊಡ್ಡವರೂ ಬಂದು ಕೂರುತ್ತಾರೆ. ಎಷ್ಟೋ ಜನ ಕೇಳಿದ್ದರಿಂದ ಆಡುವ ರೀತಿಯನ್ನು ಬರೆದಿಡುತ್ತಿದ್ದೇನೆ.

ಆಟ ಇಷ್ಟೇ. ಹಳೇ ಪೇಪರಿನ ಒಂದು ಹೆಡ್ಡಿಂಗ್ ತೆಗೆದುಕೊಳ್ಳಬೇಕು. ಅದು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ನಂಬಬೇಕು. ನಂಬಿದ ಮೇಲೆ ಮಾರನೇ ದಿನ ನಮ್ಮೂರಲ್ಲಿ ಏನಾಗುತ್ತಿತ್ತು ಅಂತ ಒಬ್ಬೊಬ್ಬರೇ ಮುಂದುವರಿಸಬೇಕು. ಅಜ್ಜಿ ಕಥೆಗೆ ಕೇಳುವವರು ಹೂಂಗುಟ್ಟುತ್ತಾರಲ್ಲ, ಇಲ್ಲಿ ಕೇಳುವವರು "ಆಮೇಲೆ?" ಅನ್ನಬೇಕು. ಯಾರ ಕೈಲಿ "ಆಮೇಲೆ" ನಿಂತುಹೋಗುತ್ತದೋ ಅವರು ಮುಂದಿನ ವಾರದ ಮಂಡಕ್ಕಿ ತರಬೇಕು.

ಹೆಡ್ಡಿಂಗೇ ಯಾಕೆ ಈ ಆಟಕ್ಕೆ ಒಗ್ಗುತ್ತದೆ ಅನ್ನುವುದನ್ನು ಮೊಳೆ ಜೋಡಿಸಿದವರು ಚೆನ್ನಾಗಿ ಬಲ್ಲರು. ಜಾಗ ಇರುವುದಿಲ್ಲ. ಎರಡು ಕಾಲಂ ಅಗಲದಲ್ಲಿ ದಪ್ಪ ಅಕ್ಷರ ಹನ್ನೆರಡು ಕೂತರೆ ಹೆಚ್ಚು. ಅದಕ್ಕೇ ಮೊದಲು ಕ್ರಿಯಾಪದ ಹೋಗುತ್ತದೆ, ಆಮೇಲೆ "ಯಾರು" ಅನ್ನುವುದು ಹೋಗುತ್ತದೆ, ಕೊನೆಗೆ ವಿಭಕ್ತಿ ಪ್ರತ್ಯಯವೂ ಹೋಗುತ್ತದೆ. "ಈರುಳ್ಳಿಯ ಬೆಲೆಯು ಜನಸಾಮಾನ್ಯರ ಕೈಗೆ ಎಟುಕದಷ್ಟು ಏರಿದೆ" ಎನ್ನುವಷ್ಟು ಜಾಗ ಯಾವ ಪೇಪರಿನಲ್ಲೂ ಇಲ್ಲ. "ಗಗನಕ್ಕೆ" ಅಂದರೆ ನಾಲ್ಕೇ ಅಕ್ಷರದಲ್ಲಿ ಕೆಲಸ ಮುಗಿಯಿತು. ನಮ್ಮ ಪ್ರೆಸ್ಸಿನಲ್ಲಿ ದೊಡ್ಡ ಸೈಜಿನ "ಳ್ಳಿ" ಇದ್ದದ್ದೇ ಎರಡು ಮೊಳೆ. ಒಂದಕ್ಕೆ ತುದಿ ಮುರಿದಿತ್ತು, ಒತ್ತು ಅರ್ಧವೇ ಮೂಡುತ್ತಿತ್ತು. ಅದೇ ಪುಟದಲ್ಲಿ ಯಾವುದಾದರೂ ಹಳ್ಳಿಯ ಸುದ್ದಿ ದೊಡ್ಡದಾಗಿ ಬಂದರೆ ಈರುಳ್ಳಿಯ ಹೆಡ್ಡಿಂಗ್ ಸಣ್ಣ ಸೈಜಿಗೆ ಇಳಿಯಬೇಕಿತ್ತು. ಈರುಳ್ಳಿ ಬೆಲೆ ಇಳಿಸಿದ ಕೈ ಇದು ಅಂತ ಮೊಮ್ಮಗಳಿಗೆ ಹೇಳಿದರೆ ನನ್ನ ಬೆರಳುಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಮೊದಲು ಪೇಪರ್ ಹುಡುಕಬೇಕು. ಟ್ರಂಕಿನ ತಳ, ಅಡುಗೆಮನೆ ಶೆಲ್ಫಿನ ಹಾಸು, ದೇವರ ಫೋಟೋದ ಹಿಂಬದಿ, ಪಠ್ಯಪುಸ್ತಕದ ರಟ್ಟಿಗೆ ಹಾಕಿದ ಬೈಂಡು, ಇವೆಲ್ಲ ಒಳ್ಳೆಯ ಜಾಗ. ಗುಜರಿ ಅಂಗಡಿಯಲ್ಲಿ ಕೇಜಿ ಲೆಕ್ಕದಲ್ಲಿ ಕೊಡುತ್ತಾರೆ. ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಕೂತು ನೋಟ್‌ಬುಕ್ಕಿಗೆ ಬರೆದುಕೊಂಡು ಬಂದರೂ ಆಯಿತು. ಮೊದಲೆಲ್ಲ ತಮ್ಮನ ಅಂಗಡಿಯ ಮಂಡಕ್ಕಿ ಪೊಟ್ಟಣದಲ್ಲೇ ಬೇಕಾದಷ್ಟು ಸಿಗುತ್ತಿತ್ತು. ಮಿರ್ಚಿಯ ಎಣ್ಣೆ ಹೀರಿದ ಕಡೆ ಆಚೆ ಮಗ್ಗುಲಿನ ಅಕ್ಷರವೂ ಕಾಣಿಸಿ ಎರಡು ಸುದ್ದಿ ಒಂದಾಗುತ್ತಿದ್ದವು. ಅಚ್ಚಿನ ಮಸಿ ಹೊಟ್ಟೆಗೆ ಒಳ್ಳೆಯದಲ್ಲ ಅಂತ ಈಗ ಅವನು ಪೇಪರಿನಲ್ಲಿ ಕಟ್ಟುವುದನ್ನು ಬಿಟ್ಟಿದ್ದಾನೆ. ಅದು ಸರಿ.

ಹಳೇ ಪೇಪರನ್ನು ಮುಟ್ಟುವ ರೀತಿ ಮಕ್ಕಳಿಗೆ ಮೊದಲೇ ಕಲಿಸಿ. ಪೇಪರಿನ ಕಾಗದ ಬಿಸಿಲು ತಾಗಿದರೆ ಹಳದಿಯಾಗುತ್ತದೆ, ವರ್ಷ ಕಳೆದಂತೆ ಮಡಿಕೆಯಲ್ಲೇ ಹಪ್ಪಳದ ಹಾಗೆ ಮುರಿಯುತ್ತದೆ. ಒಂದು ಮೂಲೆ ಹಿಡಿದು ಎತ್ತಬಾರದು. ಕೆಳಗೆ ರಟ್ಟು ತೂರಿಸಿ ರಟ್ಟಿನ ಸಮೇತ ಎತ್ತಬೇಕು. ಹರಿದಲ್ಲಿ ಸೆಲ್ಲೋಟೇಪ್ ಅಂಟಿಸಬೇಡಿ, ನಾಲ್ಕು ವರ್ಷಕ್ಕೆ ಅದರ ಅಂಟೇ ಅಕ್ಷರವನ್ನು ತಿನ್ನುತ್ತದೆ. ಹೆಡ್ಡಿಂಗ್ ಮತ್ತು ತಾರೀಖನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಪೇಪರನ್ನು ಎತ್ತಿಟ್ಟುಬಿಡಿ.

ಎಲ್ಲ ಹೆಡ್ಡಿಂಗೂ ಆಟಕ್ಕೆ ಬರುವುದಿಲ್ಲ. ಮೈಕೈ ಇರುವ ಮಾತು ಬೇಕು. ಬೆಲೆ ನೆಲಕಚ್ಚಿತು, ಯೋಜನೆ ಹಳ್ಳ ಹಿಡಿಯಿತು, ಕಾಮಗಾರಿ ಆಮೆಗತಿ, ರಸ್ತೆ ಕೆಲಸಕ್ಕೆ ಚಾಲನೆ, ಕಡತ ಮೂಲೆಗುಂಪು. ನಮ್ಮ ಪತ್ರಿಕೆಯವರು ದಿನಾ ಬರೆಯುವ ಮಾತುಗಳೇ ಇವು. ಯೋಜನೆ ಹಳ್ಳ ಹಿಡಿಯಿತು ಅಂದರೆ ಎದುರುಮನೆ ಹುಡುಗ ತಕ್ಷಣ, "ಹಳ್ಳ ಹಿಡಿದ್ರೆ ಸೀದಾ ತುಂಗಭದ್ರೆಗೆ ಹೋಗುತ್ತಲ್ರೀ, ಹರಿಹರದ ಸೇತುವೆ ಹತ್ರ ಕಾಯ್ಕಂಡು ನಿಂತ್ರೆ ಸಿಗುತ್ತೆ" ಅಂದ. ಎಂಟು ವರ್ಷದ ಹುಡುಗ.

ಈಗ ಈರುಳ್ಳಿಗೆ ಬರೋಣ. ಮೊದಲ ಪಾಠ ಅಲ್ಲೇ ಇದೆ.

ಅವತ್ತು ಎಲ್ಲರೂ ಈರುಳ್ಳಿಯನ್ನೇ ಆಕಾಶಕ್ಕೆ ಕಳಿಸಿಬಿಟ್ಟರು. ನಾನು ನಿಲ್ಲಿಸಿ, ಹೆಡ್ಡಿಂಗನ್ನು ಇನ್ನೊಮ್ಮೆ ಓದಿ ಅಂದೆ. ಹೋಗಿರುವುದು ಬೆಲೆ. ಈರುಳ್ಳಿ ಎಪಿಎಂಸಿ ಅಂಗಳದಲ್ಲಿ ರಾಶಿ ರಾಶಿಯಾಗಿ ಇಲ್ಲೇ ಇದೆ. ಇದು ಗೊತ್ತಾದ ಕೂಡಲೇ ಆಟಕ್ಕೆ ಜೀವ ಬಂತು. ಹರಾಜು ಕೂಗುವವರು ಬೆಲೆ ನೋಡಬೇಕಾದರೆ ಕತ್ತು ಎತ್ತಬೇಕು. ಆಮೇಲೆ? ದಲಾಲರು ಎತ್ತಬೇಕು, ರೈತರು ಎತ್ತಬೇಕು, ಹಮಾಲರು ಮೂಟೆ ಹೊತ್ತುಕೊಂಡೇ ಎತ್ತಬೇಕು. ಆಮೇಲೆ? ಸಂಜೆ ಹೊತ್ತಿಗೆ ಊರಿನ ಔಷಧಿ ಅಂಗಡಿಗಳಲ್ಲಿ ಕತ್ತು ನೋವಿನ ಮುಲಾಮು ಖಾಲಿ. ಮುಲಾಮಿನ ಬೆಲೆಯೂ ಹೊರಟಿತು ಮೇಲಕ್ಕೆ. ಈಗ ಗಗನದಲ್ಲಿ ಎರಡು ಬೆಲೆ.

ಇಲ್ಲಿಗೆ ಹುಡುಗರು ರಾಕೆಟ್ ತಂದರು, ಬೇರೆ ಗ್ರಹದವರನ್ನು ತಂದರು. ಐದೇ ನಿಮಿಷದಲ್ಲಿ ಎಲ್ಲರಿಗೂ ಆಕಳಿಕೆ ಬಂತು. ಅವತ್ತೇ ನಾನು ಎರಡು ನಿಯಮ ಮಾಡಿದೆ, ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಸುಳ್ಳು ಒಂದೇ ಇರಬೇಕು, ಅದು ಹೆಡ್ಡಿಂಗ್ ಹೇಳಿದ್ದು. ಉಳಿದಿದ್ದೆಲ್ಲ ನಿಜವಾಗಿ ಇರುವ ಹಾಗೇ ಇರಬೇಕು, ಅಂದರೆ ದೂರ, ತೂಕ, ಬಸ್ಸಿನ ಟೈಮು, ಮನುಷ್ಯರ ಸ್ವಭಾವ. ಇನ್ನೊಂದು, ಕಥೆ ನಮಗೆ ಗೊತ್ತಿರುವ ನೆಲ ಬಿಟ್ಟು ಹೋಗಬಾರದು. ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರುವಷ್ಟು ದೂರ ಸಾಕು. ಗುರುತಿನ ಜಾಗದಲ್ಲಿ ಗುರುತಿನ ಮನುಷ್ಯ ಮಾಡುವ ಕೆಲಸ ನೋಡಿದಾಗಲೇ ನಗು ಒಳಗಿಂದ ಬರುವುದು.

ನಿಯಮ ಹಾಕಿದ ಮೇಲೆ ಮೊಮ್ಮಗಳು ಸುಮ್ಮನೆ ಯೋಚನೆ ಮಾಡಿದಳು. ನಮ್ಮ ಕಡೆ ಆಕಾಶಕ್ಕೆ ಹತ್ತಿರ ಇರುವುದು ಏನು? ಚಿತ್ರದುರ್ಗದ ಗುಡ್ಡದ ಸಾಲಿನ ಗಾಳಿ ಫ್ಯಾನುಗಳು. ದಾವಣಗೆರೆಯಿಂದ ಬೆಂಗಳೂರು ರಸ್ತೆಯಲ್ಲಿ ಅರವತ್ತು ಕಿಲೋಮೀಟರ್ ಹೋದರೆ ಕಾಣುತ್ತವಲ್ಲ, ಅವು. ಈರುಳ್ಳಿ ಬೆಲೆ ಗಾಳಿಗೆ ತೇಲಿಕೊಂಡು ಹೋಗಿ ಒಂದು ಫ್ಯಾನಿನ ರೆಕ್ಕೆಗೆ ಸಿಕ್ಕಿಹಾಕಿಕೊಂಡಿತು. ರೆಕ್ಕೆ ಮೇಲೆ ಹೋದಾಗ ಕೇಜಿಗೆ ಎಂಬತ್ತು, ಕೆಳಗೆ ಬಂದಾಗ ಹತ್ತು. ನಿಮಿಷಕ್ಕೆ ಹದಿನೈದು ಸಲ ಬೆಲೆ ಏರುತ್ತದೆ, ಹದಿನೈದು ಸಲ ಇಳಿಯುತ್ತದೆ. ವ್ಯಾಪಾರಸ್ಥರು ತಕ್ಕಡಿ ಹಿಡಿದು ಗುಡ್ಡದ ಕೆಳಗೆ ನಿಂತಿದ್ದಾರೆ, ಯಾವಾಗ "ಕೊಟ್ಟೆ" ಅನ್ನಬೇಕೋ ಯಾರಿಗೂ ತಿಳಿಯದು. ಆಗ ಮಿರ್ಚಿ ಮಾಡುವ ಒಬ್ಬ ಅಜ್ಜಿ ಬಂದಳು. ಚಿಕ್ಕಂದಿನಲ್ಲಿ ಹಗ್ಗದಾಟ ಆಡಿದವಳು. ತಿರುಗುವ ಹಗ್ಗದೊಳಗೆ ನುಗ್ಗುವ ಮುಂಚೆ ಮೈ ಹಿಂದೆ ಮುಂದೆ ತೂಗುತ್ತೇವಲ್ಲ, ಹಾಗೇ ನಿಂತ ಜಾಗದಲ್ಲೇ ತೂಗಿ, ರೆಕ್ಕೆಯ ಮೇಲೇ ಕಣ್ಣಿಟ್ಟು, ಸೆರಗು ಸೊಂಟಕ್ಕೆ ಸಿಗಿಸಿ, "ಈಗ!" ಅಂದಳು. ಕೇಜಿಗೆ ಹತ್ತು ರೂಪಾಯಿಯ ಹಾಗೆ ಐದು ಕೇಜಿ ತೂಗಿಸಿಕೊಂಡು ಬಸ್ಸು ಹತ್ತಿಬಿಟ್ಟಳು.

ಮೊಮ್ಮಗಳು ಎದ್ದು ನಿಂತು ಆ ಅಜ್ಜಿಯ ಹಾಗೆ ತೂಗಿ ತೋರಿಸಿದಾಗ ಪಕ್ಕದ ಮನೆಯವರು ಬಾಗಿಲಿಗೆ ಬಂದರು, ಇಲ್ಲಿ ಏನು ನಡೀತಿದೆ ಅಂತ. ಅವರೂ ಕೂತರು.

ನಂಬಿದ ಮೇಲೆ ಲೆಕ್ಕ ಹಾಕಲು ಹೆದರಬೇಡಿ. ಲೆಕ್ಕ ಸರಿಯಾಗಿದ್ದಷ್ಟೂ ಕಥೆ ಗಟ್ಟಿಯಾಗುತ್ತದೆ. ನಮ್ಮ ನೋಟ್‌ಬುಕ್ಕಿನಲ್ಲಿ ನನಗೆ ಬಹಳ ಪ್ರೀತಿಯ ಕಥೆ ಮಾರಿಕಣಿವೆಯದು. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ, ವೇದಾವತಿಗೆ ಕಟ್ಟಿದ ಅಣೆಕಟ್ಟು, ಮುಗಿದದ್ದು 1907ರಲ್ಲಿ. ತುಂಬಿದರೆ 130 ಅಡಿ. 1933ರಲ್ಲಿ ಕೋಡಿ ಬಿದ್ದಿತ್ತು. ಆಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. 89 ವರ್ಷದ ನಂತರ ಕೋಡಿ ಅನ್ನುವ ಸುದ್ದಿಯನ್ನು ನಾನು ಕಣ್ಣು ತುಂಬಿಕೊಂಡು ಓದಿದ್ದೆ. ನಮ್ಮ ಕಡೆಯ ನೀರಿನ ಕಷ್ಟ ಕಂಡವರಿಗೆ ಅದು ಯಾಕೆ ಅಂತ ತಿಳಿಯುತ್ತದೆ.

ಆ ಹೆಡ್ಡಿಂಗ್ ಹಿಡಿದು ನಾನು ಶುರು ಮಾಡಿದೆ. 1933ರಲ್ಲಿ ಹಿರಿಯೂರಿನ ಒಬ್ಬರು ಇನ್ನೊಬ್ಬರ ಹತ್ತಿರ ಹತ್ತು ರೂಪಾಯಿ ಸಾಲ ತಗೊಂಡರು, ವರ್ಷಕ್ಕೆ ನೂರಕ್ಕೆ ಆರರ ಬಡ್ಡಿ. "ಯಾವಾಗ ಕೊಡ್ತೀಯಪ್ಪ?" ಅಂದರೆ, ಎದುರಿಗೆ ಕೋಡಿಯ ನೀರು ಹಾರುತ್ತಿತ್ತು, "ಮಾರಿಕಣಿವೆ ಮತ್ತೆ ಕೋಡಿ ಬಿದ್ದ ದಿನ ತಂದುಕೊಡ್ತೀನಣ್ಣ" ಅಂದರು. ಮುಂದಿನ ಮಳೆಗಾಲ ಅಂದುಕೊಂಡು ಸಾಲ ಕೊಟ್ಟವರು ಒಪ್ಪಿದರು, ಚೀಟಿ ಬರೆಸಿಕೊಂಡು ತೊಲೆಯ ಸಂದಿಯಲ್ಲಿ ಸಿಗಿಸಿದರು. ಆಮೇಲೆ? ಅವರು ಹೋದರು, ಮಕ್ಕಳೂ ಹೋದರು. 2022ರ ಸೆಪ್ಟೆಂಬರಿನಲ್ಲಿ ಮೊಮ್ಮಗ ಕೋಡಿ ನೋಡಲು ಹೋದವನು ಅರ್ಧ ದಾರಿಯಿಂದ ಮನೆಗೆ ಓಡಿಬಂದು ತೊಲೆ ತಡಕಿದ. ಚೀಟಿ ಇತ್ತು. ಹತ್ತು ರೂಪಾಯಿಗೆ 89 ವರ್ಷದ ಬಡ್ಡಿ 53 ರೂಪಾಯಿ 40 ಪೈಸೆ. ಅಸಲು ಸೇರಿ 63 ರೂಪಾಯಿ 40 ಪೈಸೆ. ಸಾಲಗಾರರ ಮೊಮ್ಮಗ ಒಳ್ಳೆಯ ಮನುಷ್ಯ, ಕೊಡಲು ತಯಾರು. ಆದರೆ 40 ಪೈಸೆ ಎಲ್ಲಿಂದ ತರುವುದು? ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳು 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋದವು. ಎಂಟಾಣೆ ಕೊಟ್ಟರೆ ಹತ್ತು ಪೈಸೆ ವಾಪಸ್ ಕೊಡಬೇಕು, ಅದೂ ಇಲ್ಲ. "ಹತ್ತು ಪೈಸೆ ನಿಮ್ಮ ಋಣ ನಮ್ಮ ಮನೆಗೆ ಬೇಡ" ಅಂತ ಅವನು, "ಬಾಕಿ ಇಟ್ಟುಕೊಂಡರೆ ನಮ್ಮಜ್ಜನ ಮಾತು ಹೋಗುತ್ತೆ" ಅಂತ ಇವನು.

ಕಥೆ ಮುಗಿಯಿತು ಅಂದುಕೊಂಡಿದ್ದೆ. ಎದುರುಮನೆ ಹುಡುಗ ಕೈ ಎತ್ತಿದ. "ಅಜ್ಜಾರೇ, ಫೋನ್‌ಪೇ ಮಾಡಿದ್ರೆ ನಲವತ್ತು ಪೈಸೆ ಕರೆಕ್ಟಾಗಿ ಹೋಗುತ್ತಲ್ರೀ."

ಹೌದು, ಹೋಗುತ್ತದೆ. ಉಳಿದಿದ್ದೆಲ್ಲ ನಿಜ ಇರಬೇಕು ಅಂತ ನಿಯಮ ಮಾಡಿದವನೇ ನಾನು, ತಳ್ಳಿಹಾಕುವ ಹಾಗಿಲ್ಲ. ಇಂಥ ಅಡ್ಡಪ್ರಶ್ನೆ ಬಂದಾಗ ಮಕ್ಕಳನ್ನು ಗದರಬೇಡಿ, ಕೂತು ಯೋಚನೆ ಮಾಡಿ. ಕಥೆಗೆ ಇದಕ್ಕಿಂತ ಒಳ್ಳೆಯ ತಿರುವು ಬೇರೆ ಕಡೆಯಿಂದ ಬರುವುದಿಲ್ಲ. ಅರ್ಧ ಗಂಟೆ ಯೋಚಿಸಿದ ಮೇಲೆ ನನಗೆ ಹೊಳೆಯಿತು: 1933ರ ರೂಪಾಯಿ ಬೆಳ್ಳಿಯದು. ಒಂದು ರೂಪಾಯಿ ಅಂದರೆ ಸರಿಯಾಗಿ ಒಂದು ತೊಲ, ಹನ್ನೊಂದು ಗ್ರಾಂ ಮುಕ್ಕಾಲು ಹತ್ತಿರ. ಸಾಲ ಕೊಟ್ಟವರ ಮೊಮ್ಮಗ ಚೀಟಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದ: "ಹತ್ತು ಬೆಳ್ಳಿ ರೂಪಾಯಿ". ಫೋನಿನಲ್ಲಿ ಬೆಳ್ಳಿ ಹೋಗುವುದಿಲ್ಲ. ಅಸಲೇ ಹತ್ತು ತೊಲ, ಬಡ್ಡಿ ಐವತ್ಮೂರು ತೊಲದ ಮೇಲೆ. ಇವತ್ತಿನ ಬೆಳ್ಳಿ ದರ ಕೇಳಿ ಸಾಲಗಾರರ ಮೊಮ್ಮಗ ಕಟ್ಟೆಯ ಮೇಲೆ ಕೂತುಬಿಟ್ಟ. ಆಮೇಲೆ ಕೋಡಿಯ ನೀರು ನೋಡಿ ಮೆಲ್ಲಗೆ ಅಂದ: "ಅಣ್ಣಾ, ಮುಂದಿನ ಕೋಡಿಗೆ ಖಂಡಿತ ಕೊಡ್ತೀನಿ." 89 ವರ್ಷ ಸಿಕ್ಕಿತು ಅಂತ ನೆಮ್ಮದಿಯಿಂದ ಮನೆಗೆ ಹೋಗಿ ಮಲಗಿದ. 2025ರ ಜನವರಿಯಲ್ಲಿ ಮಾರಿಕಣಿವೆ ಮತ್ತೆ ಕೋಡಿ ಬಿತ್ತು.

ಇದನ್ನು ಹೇಳಿ ಮುಗಿಸಿದಾಗ ಪಕ್ಕದ ಮನೆಯವರು ನಕ್ಕೂ ನಕ್ಕೂ ಕಂಬಕ್ಕೆ ಒರಗಿದರು. ಸುಳ್ಳು ಅಂತ ಇದ್ದದ್ದು ಆ ಒಂದು ಚೀಟಿ. ಉಳಿದ ಇಸವಿ, ನಾಣ್ಯ, ತೂಕ ಎಲ್ಲ ಇದ್ದದ್ದೇ.

ಇಸವಿ ಗೊತ್ತಿರುವ ದೊಡ್ಡ ಬದಲಾವಣೆಯ ಸುದ್ದಿಗಳೂ ಒಳ್ಳೆಯವು. 1957ರ ಏಪ್ರಿಲ್ 1ರಂದು ರೂಪಾಯಿಗೆ ಹದಿನಾರಾಣೆ ಹೋಗಿ ನೂರು ನಯಾ ಪೈಸೆ ಬಂತು. ಒಂದಾಣೆಗೆ ಆರೂಕಾಲು ಪೈಸೆ. ಆ ಕಾಲು ಪೈಸೆಯ ನಾಣ್ಯ ಇಲ್ಲ. ಮಂಡಿಪೇಟೆಯಲ್ಲಿ ದಿನಕ್ಕೆ ನಾನೂರು ಸಲ ಒಂದಾಣೆ ವ್ಯಾಪಾರ ಮಾಡುವ ಅಂಗಡಿಯವರು ಆರೇ ಪೈಸೆ ತಗೊಂಡರೆ ದಿನಕ್ಕೆ ಸರಿಯಾಗಿ ಒಂದು ರೂಪಾಯಿ ಕಾಣೆ. ಎಲ್ಲಿಗೆ ಹೋಯಿತು? ಮಕ್ಕಳು ಅದನ್ನು ಹುಡುಕಿಕೊಂಡು ಎರಡು ವಾರ ಅಲೆದರು. ನಾನು ಬೇರೆ ದಾರಿ ಹಿಡಿದೆ. ಹದಿನಾರಾಣೆ ಸತ್ಯ ಅನ್ನುವ ಮಾತಿನ ಗತಿ ಏನು? ಮಾತಿನಲ್ಲಿರುವ ಆಣೆಗಳನ್ನೂ ಬದಲಾಯಿಸಿ ಅಂತ ಆರ್ಡರ್ ಬಂತು ಅಂದುಕೊಳ್ಳಿ. ನೂರು ಪೈಸೆ ಸತ್ಯ, ಇದು ಸುಲಭ. ಹದಿನೈದಾಣೆ ನಿಜ ಹೇಳುವ ಮನುಷ್ಯ ಇನ್ನು ಮೇಲೆ ತೊಂಬತ್ಮೂರು ಮುಕ್ಕಾಲು ಪೈಸೆ ನಿಜ ಹೇಳಬೇಕು. ಸೇರು ಹೋಗಿ ಕೇಜಿ ಬಂದಾಗ ಇನ್ನೂ ಕಷ್ಟ. ಎಂಬತ್ತು ತೊಲದ ಸೇರು ಅಂದರೆ 933 ಗ್ರಾಂ. "ಸೇರಿಗೆ ಸವ್ವಾಸೇರು" ಅಂತ ಜಗಳಕ್ಕೆ ನಿಂತವನು "ನೀನು 933 ಗ್ರಾಂ ಆದ್ರೆ ನಾನು 1166 ಗ್ರಾಂ!" ಅನ್ನುವಷ್ಟರಲ್ಲಿ ಎದುರಿನವನ ಸಿಟ್ಟು ಇಳಿದು, ಇಬ್ಬರೂ ಸೇರಿ ಗುಣಾಕಾರ ಸರಿಯಿದೆಯಾ ಅಂತ ನೋಡುತ್ತಾರೆ. ಸರಿಯಿದೆ, ನಾನು ಎರಡು ಸಲ ಮಾಡಿದ್ದೇನೆ.

1997ರ ಆಗಸ್ಟ್ 15ಕ್ಕೆ ದಾವಣಗೆರೆ ಬೇರೆ ಜಿಲ್ಲೆಯಾಯಿತು. ಚಿತ್ರದುರ್ಗ ಜಿಲ್ಲೆ ಇಬ್ಭಾಗ ಅಂದರೆ ಅಣ್ಣತಮ್ಮಂದಿರ ಪಾಲು ಅಂತಲೇ ನಂಬಿ ಆಡಿ. ಅಣ್ಣ ಚಿತ್ರದುರ್ಗ, ತಮ್ಮ ದಾವಣಗೆರೆ, ನಡುವೆ ಪಂಚರು. ತಮ್ಮ ಏಳು ಸುತ್ತಿನ ಕೋಟೆಯಲ್ಲಿ ಮೂರೂವರೆ ಸುತ್ತು ಕೇಳಿದ. ಹೊರಗಿನವು ಕೊಟ್ಟರೆ ಬಾಗಿಲು ಇಲ್ಲದ ಮನೆಯಾಗುತ್ತೆ ಅಂದ ಅಣ್ಣ. ಓಬವ್ವನ ಕಿಂಡಿಯನ್ನು ಸೀಳಲು ಪಂಚರು ಒಪ್ಪಲಿಲ್ಲ: ಕಿಂಡಿಗೆ ಪಾಲು ಹಾಕಿದರೆ ಒನಕೆ ಯಾರ ಕಡೆ? ಅಣ್ಣ ಬೆಣ್ಣೆದೋಸೆಯಲ್ಲಿ ಅರ್ಧ ಕೇಳಿದ. ತಮ್ಮ ಪ್ರೀತಿಯಿಂದ ಕಳಿಸಿದ. ಬಸ್ಸು ಭರಮಸಾಗರ ಮುಟ್ಟುವ ಮೊದಲೇ ಬೆಣ್ಣೆಯೆಲ್ಲ ಕರಗಿ ತಮ್ಮನ ಎಲ್ಲೆಯಲ್ಲೇ ಇಳಿದುಹೋಗಿತ್ತು, ಅಣ್ಣನಿಗೆ ಸಿಕ್ಕಿದ್ದು ಬರೀ ದೋಸೆ. ಕೊನೆಗೆ ಪಂಚರು ಹರಿಹರಕ್ಕೆ ಕರೆದುಕೊಂಡು ಹೋಗಿ ದೇವರನ್ನು ತೋರಿಸಿದರು. ಅರ್ಧ ಹರಿ, ಅರ್ಧ ಹರ, ಎಂಟುನೂರು ವರ್ಷದಿಂದ ಒಂದೇ ಗುಡಿಯಲ್ಲಿ ಒಂದೇ ಮೈಯಲ್ಲಿ ಇದ್ದಾರೆ, ಜಗಳವಿಲ್ಲ. ಅಣ್ಣತಮ್ಮ ಇಬ್ಬರೂ ಕೈಮುಗಿದರು.

ಈ ಕಥೆಯಲ್ಲಿ ಹರಪನಹಳ್ಳಿಯನ್ನು ಮರೆಯಬೇಡಿ. ಬಳ್ಳಾರಿಯಿಂದ 1997ರಲ್ಲಿ ನಮ್ಮ ಜಿಲ್ಲೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಅಲ್ಲಿಯ ಬೋರ್ಡ್ ಬರೆಯುವ ಪೇಂಟರ್ ತಾಲ್ಲೂಕಿನ ಹೆಸರನ್ನು ಆಯಿಲ್ ಪೇಂಟಿನಲ್ಲಿ ಬರೆದು, ಜಿಲ್ಲೆಯ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದ. ಇದು ಮೊಮ್ಮಗಳ ಮಾತು, ನನ್ನದಲ್ಲ.

ಈಗ ಮುಖ್ಯವಾದ ಮಾತು. ಮಕ್ಕಳು ಹೆಡ್ಡಿಂಗ್ ಮಾತ್ರ ಓದಲಿ, ಕೆಳಗಿನ ಸುದ್ದಿ ಓದಿದರೆ ಕಲ್ಪನೆ ಕಟ್ಟಿಹೋಗುತ್ತದೆ. ಆದರೆ ಗುಂಪಿನಲ್ಲಿ ಒಬ್ಬ ದೊಡ್ಡವರು ಪೂರ್ತಿ ಸುದ್ದಿಯನ್ನು ಮೊದಲೇ ಓದಿರಲೇಬೇಕು. ಶುರುವಿನಲ್ಲಿ ನಾನು ಇದನ್ನು ಮಾಡಲಿಲ್ಲ. ಒಂದು ಭಾನುವಾರ, ಕೆರೆಗೆ ಇಳಿದ ಟ್ರ್ಯಾಕ್ಟರ್ ಅನ್ನುವ ಹೆಡ್ಡಿಂಗ್ ಕೊಟ್ಟೆ. ಮಕ್ಕಳು ಟ್ರ್ಯಾಕ್ಟರಿಗೆ ಈಜು ಕಲಿಸಿದರು, ಎಲ್ಲರೂ ನಗುತ್ತಿದ್ದರು. ಹಿಂದೆ ಕೂತಿದ್ದ ಒಬ್ಬ ಹೆಣ್ಣುಮಗಳು ಎದ್ದು ಹೋದರು. ಮಾರನೇ ದಿನ ಗೊತ್ತಾಯಿತು, ಅವರ ಅಣ್ಣ ಅದರಲ್ಲಿದ್ದರು. ಮನೆಗೆ ಹೋಗಿ ಕ್ಷಮೆ ಕೇಳಿ ಬಂದೆ, ಅವರು ದೊಡ್ಡ ಮನಸ್ಸಿನಿಂದ ನೀರು ಕೊಟ್ಟು ಕೂರಿಸಿದರು. ಅವತ್ತಿನಿಂದ ಸಾವು, ಅಪಘಾತ, ಬೆಂಕಿ, ಯಾರದೋ ಮನೆಯ ಜಗಳ, ಜಾತಿ, ಇವು ಇರುವ ಸುದ್ದಿ ನಮ್ಮ ಆಟಕ್ಕೆ ಬರುವುದಿಲ್ಲ. ಹೆಡ್ಡಿಂಗ್ ಎಷ್ಟೇ ತಮಾಷೆಯಾಗಿದ್ದರೂ ಬರುವುದಿಲ್ಲ.

ಬರಗಾಲದ ಸುದ್ದಿಯಲ್ಲೂ ಹುಷಾರು ಬೇಕು. "ಮುಂಗಾರು ಕೈಕೊಟ್ಟಿತು" ಅನ್ನುವುದು ಪ್ರತೀ ವರ್ಷ ಎಂಬಂತೆ ಬರುವ ಹೆಡ್ಡಿಂಗ್, ನಾನು ಮಕ್ಕಳಿಗೆ ಕೊಟ್ಟಿರಲಿಲ್ಲ. ಜಗಳೂರಿನಿಂದ ನಮ್ಮ ಷಡ್ಡಕರು ಬಂದಿದ್ದರು, ಒಣಭೂಮಿಯ ಬೇಸಾಯ ಮಾಡುವವರು. ನೋಟ್‌ಬುಕ್ ತಿರುವಿ ಅವರೇ ಆ ಹೆಡ್ಡಿಂಗ್ ಕೇಳಿ ತಗೊಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಕೈ ಕೊಟ್ಟಿತ್ತಪ್ಪ. ನಾವು ಗಟ್ಟಿಯಾಗಿ ಹಿಡ್ಕಳ್ಳಲಿಲ್ಲ, ಬಿಟ್ಟುಬಿಟ್ವಿ." ಅದಕ್ಕೆ ಯಾರೂ "ಆಮೇಲೆ?" ಅನ್ನಲಿಲ್ಲ. ಕಷ್ಟ ಪಟ್ಟವರೇ ತಮ್ಮ ಕಷ್ಟದ ಹೆಡ್ಡಿಂಗ್ ತಗೊಂಡರೆ ಸರಿ, ಬೇರೆಯವರು ತಗೊಳ್ಳುವುದು ಬೇಡ.

ಬರೆದದ್ದನ್ನೆಲ್ಲ ಪುಟದ ತಲೆಯಲ್ಲಿ ಹೆಡ್ಡಿಂಗಿನ ತಾರೀಖು, ಅದರ ಪಕ್ಕ ದಪ್ಪಗೆ "ಕಲ್ಪನೆ" ಅಂತ ಹಾಕಿಯೇ ಬರೆಯಿರಿ. ಹಳೇ ಹೆಡ್ಡಿಂಗಿನ ಫೋಟೋ ತೆಗೆದು ಯಾರಿಗೂ ಕಳಿಸಬೇಡಿ. ನಮ್ಮ ಗುಂಪಿನ ಒಬ್ಬ ಹುಡುಗ, ಮೂರು ದಿನ ನೀರು ಬಂದ್ ಅನ್ನುವ ಹಳೇ ತುಣುಕಿನ ಫೋಟೋವನ್ನು ತಾರೀಖು ಬಿಟ್ಟು ಗೆಳೆಯನಿಗೆ ಕಳಿಸಿದ. ಸಂಜೆಯೊಳಗೆ ಎರಡು ಬೀದಿಯವರು ಡ್ರಮ್ಮು, ಕೊಡಪಾನ, ಕೊನೆಗೆ ಪ್ರೆಶರ್ ಕುಕ್ಕರಿಗೂ ನೀರು ತುಂಬಿಸಿಟ್ಟಿದ್ದರು. ಹುಡುಗನ ಕೈ ಹಿಡಿದುಕೊಂಡು ಮನೆಮನೆಗೂ ಹೋಗಿ ಅದು ಹಳೇ ಪೇಪರು ಅಂತ ಹೇಳಿಬಂದೆ. ಅಚ್ಚಾದ ಅಕ್ಷರವನ್ನು ಜನ ನಂಬುತ್ತಾರೆ. ಆ ನಂಬಿಕೆಯಿಂದಲೇ ನನ್ನ ಮನೆಯ ಅನ್ನ ಬೆಂದಿದ್ದು, ಅದನ್ನು ಹಾಳು ಮಾಡಲು ನನಗೆ ಮನಸ್ಸಿಲ್ಲ.

ಕೊನೆಯದಾಗಿ, ಆಟ ಮುಗಿದ ಮೇಲೆ ಆ ಸುದ್ದಿಗೆ ನಿಜವಾಗಿ ಏನಾಯಿತು ಅಂತ ಮಕ್ಕಳಿಗೆ ಹೇಳಿ. ಅವರು ಕಾಯುತ್ತಿರುತ್ತಾರೆ.

ನಾನು ಪ್ರೆಸ್ಸಿಗೆ ಸೇರಿದ ವರ್ಷವೇ, 1979ರ ಜುಲೈನಲ್ಲಿ, ಅಮೆರಿಕದ ಸ್ಕೈಲ್ಯಾಬ್ ಅನ್ನುವ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಬೀಳುವುದಿತ್ತು. ಎಪ್ಪತ್ತು ಟನ್ನಿಗೂ ಹೆಚ್ಚು ತೂಕದ್ದು, ಎಲ್ಲಿ ಬೀಳುತ್ತದೋ ಯಾರಿಗೂ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಅಮ್ಮ ರಾತ್ರಿಯಿಡೀ ದೀಪ ಆರಿಸಲಿಲ್ಲ. ಸ್ಕೈಲ್ಯಾಬ್ ಅನ್ನುವುದಕ್ಕೆ "ಸ್ಕೈ" ಜೋಡಿಸಲು ನನಗೆ ಕಲಿಸಿಕೊಟ್ಟವರು ನಮ್ಮ ಫೋರ್‌ಮನ್, ಸ ಕಾರಕ್ಕೆ ಕ ಒತ್ತು, ಅದರ ಮೇಲೆ ಐತ್ವ. ಮೊನ್ನೆ ಭಾನುವಾರ ಮಕ್ಕಳಿಗೆ ಅದನ್ನೇ ಕೊಟ್ಟೆ. ಅವರು ಅದನ್ನು ತಂದು ನಮ್ಮ ಬೀದಿಯಲ್ಲೇ ಬೀಳಿಸಿದರು. ಗುಜರಿಯವನು ತಕ್ಕಡಿ ತಂದು, ತಾಮ್ರ ಎಷ್ಟು, ಅಲ್ಯೂಮಿನಿಯಂ ಎಷ್ಟು ಅಂತ ಕೇಳಿದ. ಬೀದಿ ಗುಡಿಸುವವರು, ಇಷ್ಟು ದೊಡ್ಡ ಕಸ ಯಾರು ಹಾಕಿದ್ದು, ದಂಡ ಕಟ್ಟಲಿ ಅಂದರು. ಮಕ್ಕಳು ಬಿದ್ದು ಬಿದ್ದು ನಕ್ಕರು.

ಆಗ ನಾನು ನಿಜ ಹೇಳಿದೆ. ಅದು ಜುಲೈ 11ರಂದು ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾಕ್ಕೂ ಚೂರುಚೂರಾಗಿ ಬಿತ್ತು. ಅಲ್ಲಿಯ ಎಸ್ಪರೆನ್ಸ್ ಅನ್ನುವ ಊರಿನ ಆಡಳಿತದವರು, ನಮ್ಮ ಜಾಗದಲ್ಲಿ ಕಸ ಹಾಕಿದ್ದೀರಿ ಅಂತ ನಾಸಾಕ್ಕೆ 400 ಡಾಲರ್ ದಂಡ ಹಾಕಿದರು. ನಾಸಾ ಕಟ್ಟಲಿಲ್ಲ. ಮೂವತ್ತು ವರ್ಷ ಆದ ಮೇಲೆ, 2009ರಲ್ಲಿ, ಅಮೆರಿಕದ ಒಬ್ಬ ರೇಡಿಯೋ ನಿರೂಪಕರು ಕೇಳುಗರಿಂದ ದುಡ್ಡು ಕೂಡಿಸಿ ಆ ದಂಡ ಕಟ್ಟಿದರು.

ಮೊಮ್ಮಗಳು ನನ್ನ ಮುಖವನ್ನೇ ನೋಡಿದಳು. "ಇದು ನೀನು ಕಟ್ಟಿದ್ದಲ್ವಾ?"

"ಅಲ್ಲವ್ವ. ನಡೆದಿದ್ದು."

ನೋಟ್‌ಬುಕ್ ಎಳೆದುಕೊಂಡು, ಪುಟದ ತಲೆಯಲ್ಲಿದ್ದ "ಕಲ್ಪನೆ" ಅನ್ನುವುದರ ಕೆಳಗೆ ಗೆರೆ ಎಳೆದು, ಬೀದಿ ಗುಡಿಸುವವರು ದಂಡ ಕೇಳಿದ ಸಾಲಿನ ಎದುರಿಗೆ ಸಣ್ಣದಾಗಿ "ಇದು ಮಾತ್ರ ನಿಜ" ಅಂತ ಬರೆದಳು.